ಇಟಲಿಯ ಬಾರಿಯಲ್ಲಿ ಮೂರು ತಿಂಗಳು: ಬೆಳಿಗ್ಗೆ ಹೋಗಿ ಸಂಜೆ ಬರುವಂಥ ಜಾಗ ಯಾವುದಿದೆ?

ವಿನೋಬನಗರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, 61 ವರ್ಷ, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವಳು. ಮಗಳು ದಕ್ಷಿಣ ಇಟಲಿಯ ಬಾರಿ ಎನ್ನುವ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಸೆಪ್ಟೆಂಬರ್ ಕೊನೆಗೆ ಹೋಗಿ, ವೀಸಾ ಇರುವ 90 ದಿನವೂ ಅವಳ ಜೊತೆಯೇ ಇರುತ್ತೇನೆ. ರೋಮ್, ವೆನಿಸ್ ಎಲ್ಲ ರಜೆ ಸಿಕ್ಕಾಗ ತೋರಿಸುತ್ತಾಳಂತೆ. ನನ್ನ ಪ್ರಶ್ನೆ ಅದಲ್ಲ. ವಾರದಲ್ಲಿ ಐದು ದಿನ ಅವಳು ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆಗೆ ಬರುವುದು ಸಂಜೆ ಆರೂವರೆಗೆ. ಅಷ್ಟು ಹೊತ್ತು ಬಾಗಿಲು ಹಾಕಿಕೊಂಡು ಕೂರುವುದು ನನ್ನಿಂದ ಆಗಲ್ಲ.

ಇಲ್ಲಿ ಬೇಜಾರಾದಾಗ ತಾಳಗುಪ್ಪದ ರೈಲು ಹತ್ತಿ ಸಾಗರದಲ್ಲಿ ಇಳಿಯುತ್ತೇನೆ, ಇಕ್ಕೇರಿ ದೇವಸ್ಥಾನದಲ್ಲಿ ಒಂದು ತಾಸು ಸುಮ್ನೆ ಕೂತು, ಆದರೆ ಕೆಳದಿಗೂ ಹೋಗಿ, ಕತ್ತಲಾಗುವುದರೊಳಗೆ ಮನೆ ಸೇರುತ್ತೇನೆ. ಅಲ್ಲೂ ಅಂಥ ಓಡಾಟ ಬೇಕು. ಒಬ್ಬಳೇ ಹೋಗಬಹುದಾ? ಮಂಡಿ ನೋವಿದೆ, ಮೆಟ್ಟಿಲು ಹತ್ತುವುದು ನಿಧಾನ. ಮೀನು, ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಮಗಳು ಮ್ಯಾಪ್ ಕಳಿಸಿದ್ದಾಳೆ, ಅದರಲ್ಲಿ ಎಲ್ಲವೂ ಹತ್ತಿರವೇ ಕಾಣುತ್ತದೆ. ಅಲ್ಲಿದ್ದು ಬಂದವರು ಹೇಳಿದರೆ ಉಪಕಾರ.

ಹೊಸನಗರದ ಮಳೆ

ಮೇಡಂ, ನಾನು ಬಾರಿಯಲ್ಲೇ ಎರಡು ವರ್ಷ ಓದಿದೆ. ಧೈರ್ಯವಾಗಿ ಒಬ್ಬರೇ ಹೋಗಿ. ಕಾರು ಬೇಡ, ಎಲ್ಲ ರೈಲಿನಲ್ಲೇ ಆಗುತ್ತದೆ.

ಮೊದಲು ಒಂದು ವಿಷಯ ತಿಳಿದುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಬಾರಿಯಿಂದ ಹೊರಡುವ ರೈಲುಗಳು ಒಂದೇ ಕಂಪನಿಯವಲ್ಲ. ಸಮುದ್ರದ ಪಕ್ಕದ ಊರುಗಳಿಗೆ ಟ್ರೆನಿಟಾಲಿಯಾ, ಆಲ್ಬೆರೊಬೆಲ್ಲೊ ಕಡೆಗೆ ಸುದ್ ಎಸ್ತ್, ಮತೇರಾಕ್ಕೆ ಅಪ್ಪುಲೋ ಲುಕಾನೆ. ಈ ಕೊನೆಯದಕ್ಕೆ ದೊಡ್ಡ ಸ್ಟೇಷನ್ ಪಕ್ಕದಲ್ಲೇ ಬೇರೆ ಕಟ್ಟಡ ಇದೆ. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಕಾಗದದ ಟಿಕೆಟ್ ತಗೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ನಾನು ಮೊದಲ ವಾರವೇ ಅದನ್ನು ಮರೆತು ದಂಡ ಕಟ್ಟಿದೆ, ಟಿಕೆಟ್ ಕೈಯಲ್ಲೇ ಇತ್ತು, ಆದರೂ ಬಿಡಲಿಲ್ಲ.

ಮೊದಲ ವಾರ ಎಲ್ಲೂ ಹೋಗಬೇಡಿ, ಹಳೇ ಬಾರಿಯ ಓಣಿಗಳಲ್ಲೇ ಓಡಾಡಿ. ಕೋಟೆಯ ಹತ್ತಿರ ಒಂದು ಓಣಿಯಲ್ಲಿ ಹೆಂಗಸರು ಮನೆ ಬಾಗಿಲಲ್ಲಿ ಮಣೆ ಇಟ್ಟುಕೊಂಡು ಒರೆಕ್ಕಿಯೆತ್ತೆ ಮಾಡುತ್ತಾರೆ. ಸಣ್ಣ ಕಿವಿ ಅಂತ ಅದರ ಅರ್ಥ. ಹಿಟ್ಟನ್ನು ಚಾಕುವಿನಿಂದ ಎಳೆದು ಹೆಬ್ಬೆರಳಲ್ಲಿ ತಿರುವಿದರೆ ಕಿವಿಯ ಆಕಾರ ಬಂದುಬಿಡುತ್ತದೆ, ಕೈ ನಿಲ್ಲುವುದೇ ಇಲ್ಲ. ನಮ್ಮಜ್ಜಿ ಜಗಲಿಯಲ್ಲಿ ಕೂತು ಹಪ್ಪಳ ಲಟ್ಟಿಸುತ್ತಿದ್ದ ವೇಗ ನೆನಪಾಗುತ್ತಿತ್ತು. ಗೋಧಿ ರವೆ, ನೀರು ಅಷ್ಟೇ, ಮೊಟ್ಟೆ ಹಾಕಲ್ಲ, ನೀವು ತಿನ್ನಬಹುದು. ಆದರೆ ಅದಕ್ಕೆ ಸೊಪ್ಪಿನ ಪಲ್ಯ ಬೆರೆಸುವಾಗ ಸಣ್ಣ ಮೀನು ಹಾಕುತ್ತಾರೆ. ‘ಸೆಂತ್ಸ ಅಲೀಚಿ’ ಅಂತ ಮೊದಲೇ ಹೇಳಿ. ಅಲ್ಲೇ ಹತ್ತಿರ ಸಂತ ನಿಕೊಲಾಸನ ಚರ್ಚ್ ಇದೆ. 1087ರಲ್ಲಿ ಬಾರಿಯ ನಾವಿಕರು ಈಗಿನ ಟರ್ಕಿಯಲ್ಲಿರುವ ಮಿರಾ ಎಂಬ ಊರಿನಿಂದ ಅವನ ಮೂಳೆಗಳನ್ನು ತಂದು ಇಟ್ಟರು. ಸಾಂತಾ ಕ್ಲಾಸ್ ಕತೆಯ ಮೂಲ ಅವನೇ.

ಆಮೇಲೆ ಪೊಲಿನ್ಯಾನೋ, ಮೊನೊಪೊಲಿ. ಎರಡೂ ಒಂದೇ ರೈಲು ಮಾರ್ಗದಲ್ಲಿವೆ, ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ಪೊಲಿನ್ಯಾನೋದಲ್ಲಿ ಮನೆಗಳು ಬಂಡೆಯ ಅಂಚಿಗೇ ನಿಂತಿವೆ, ಕೆಳಗೆ ಸಮುದ್ರ. ಚೆಂದವೇ, ಆದರೆ ಜನ ಜಾಸ್ತಿ. ನನಗೆ ಇಷ್ಟವಾದದ್ದು ಮೊನೊಪೊಲಿ. ನೀಲಿ ದೋಣಿಗಳ ಹಳೇ ಬಂದರು, ಸಮತಟ್ಟಾದ ದಾರಿ, ನಿಮ್ಮ ಮಂಡಿಗೆ ಅದೇ ಒಳ್ಳೆಯದು.

ಮಧ್ಯಾಹ್ನ ಒಂದರಿಂದ ನಾಲ್ಕೈದರ ತನಕ ಸಣ್ಣ ಊರುಗಳಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಎಷ್ಟೋ ಚರ್ಚುಗಳೂ ಅಷ್ಟೇ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ. ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ‘ಶೋಪೆರೊ’ ಅಂತ ಬೋರ್ಡ್ ಕಂಡರೆ ಮುಷ್ಕರ ಅಂತ ಅರ್ಥ, ಅವತ್ತು ಮನೆಯಲ್ಲಿರಿ.

ಸಾಗರದವಳು

ಅಕ್ಕಾ, ಬೇರೆ ಯಾವುದು ಬಿಟ್ಟರೂ ಮತೇರಾ ಬಿಡಬೇಡಿ. ನಮ್ಮವರ ಕೆಲಸದ ಮೇಲೆ ಬಾರಿಯಲ್ಲಿದ್ದಾಗ ಮೂರು ಸಲ ಹೋದೆ. ಮೂರೂ ಸಲ ಅತ್ತಿದ್ದೇನೆ, ಯಾಕೆ ಅಂತ ಹೇಳುತ್ತೇನೆ.

ಅದು ಬಂಡೆ ಕೊರೆದು ಮಾಡಿದ ಊರು. ಕಣಿವೆಯ ಇಳಿಜಾರಿನಲ್ಲಿ ಒಂದರ ಮಾಡಿನ ಮೇಲೆ ಇನ್ನೊಂದರ ಅಂಗಳ, ಹಾಗೆ ಸಾವಿರಾರು ವರ್ಷದಿಂದ ಜನ ಇದ್ದರು. ಸಾಸ್ಸಿ ಅನ್ನುತ್ತಾರೆ, ಕಲ್ಲುಗಳು ಅಂತ. ಕಡುಬಡತನ. ಒಂದೇ ಗುಹೆಯಲ್ಲಿ ಗಂಡ, ಹೆಂಡತಿ, ಏಳೆಂಟು ಮಕ್ಕಳು, ಹೇಸರಗತ್ತೆ, ಕೋಳಿ. ಮಲೇರಿಯಾ ಬೇರೆ. 1950ರಲ್ಲಿ ಇಟಲಿಯ ಪ್ರಧಾನಿ ದೆ ಗಾಸ್ಪೆರಿ ಬಂದು ನೋಡಿದರು, 1952ರಲ್ಲಿ ಕಾನೂನು ಮಾಡಿ ಸುಮಾರು 15 ಸಾವಿರ ಜನರನ್ನು ಅಲ್ಲಿಂದ ಎಬ್ಬಿಸಿ ಹೊಸ ಬಡಾವಣೆಗಳಿಗೆ ಕಳಿಸಿದರು. ಊರು ಖಾಲಿ ಬಿತ್ತು. 1986ರಲ್ಲಿ ಇನ್ನೊಂದು ಕಾನೂನು ಬಂದ ಮೇಲೆ ಮನೆಗಳನ್ನು ರಿಪೇರಿ ಮಾಡಿ ಜನ ಮತ್ತೆ ಬಂದರು. 1993ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು, 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯೂ ಆಯಿತು.

ಹಳೇ ಗುಹೆಮನೆಯೊಂದನ್ನು ಇದ್ದ ಹಾಗೇ ಇಟ್ಟಿದ್ದಾರೆ, ಕಾಜಾ ಗ್ರೊತ್ತಾ ಅಂತ. ಒಳಗೆ ಎತ್ತರದ ಮಂಚ, ಗೋಡೆಗೆ ತೂಗುಹಾಕಿದ ಪಾತ್ರೆ, ಹಿಂದೆ ಕತ್ತೆ ಕಟ್ಟುವ ಜಾಗ, ಮಳೆನೀರು ಕೂಡಿಡುವ ತೊಟ್ಟಿ. ಅಲ್ಲಿ ನಿಂತಾಗ ನನಗೆ ನಮ್ಮಜ್ಜಿ ನೆನಪಾದಳು. ನಾವು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಆದಾಗ ಅಜ್ಜಿಯ ಮನೆ, ತೋಟ, ಗದ್ದೆ ಎಲ್ಲ ನೀರಿಗೆ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಮಡೆನೂರಿನ ಹಳೇ ಅಣೆಕಟ್ಟು ಕಾಣಿಸಿದರೆ ಅಜ್ಜಿ ದಡದಲ್ಲಿ ನಿಂತು ನಮ್ಮ ಮನೆ ಆ ಕಡೆ ಅಂತ ಬೆರಳು ತೋರಿಸುತ್ತಿದ್ದಳು. ಬೆರಳು ತೋರಿಸಿದ ಕಡೆ ಬರೀ ನೀರು. ಮತೇರಾದವರನ್ನೂ ಎಬ್ಬಿಸಿದರು, ಆದರೆ ಅವರ ಮನೆ ಉಳಿಯಿತು, ಮೊಮ್ಮಕ್ಕಳು ಹೋಗಿ ಹೊಸ್ತಿಲು ಮುಟ್ಟಬಹುದು. ಅಲ್ಲಿ ಒಬ್ಬ ಮುದುಕ, ಆ ಮನೆಗಳಲ್ಲೊಂದರಲ್ಲಿ ಹುಟ್ಟಿದವನಂತೆ, ಬಾಗಿಲ ಪಕ್ಕದ ಕಲ್ಲಿನ ಮೇಲೆ ಸುಮ್ನೆ ಕೂತಿದ್ದ. ನನಗೆ ಇಟಾಲಿಯನ್ ಅಷ್ಟಾಗಿ ಬರಲ್ಲ, ಅವನ ಪಕ್ಕ ಸ್ವಲ್ಪ ಹೊತ್ತು ಕೂತು ಬಂದೆ.

ಹೋಗುವ ವಿಷಯ. ಬಾರಿಯಿಂದ ಒಂದೂವರೆ, ಎರಡು ತಾಸು. ಕೆಲವು ರೈಲು ಆಲ್ತಮುರಾದಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ, ಮತೇರಾದ ಬೋಗಿ ಯಾವುದು ಅಂತ ಕೇಳಿ ಹತ್ತಿ. ಭಾನುವಾರ ರೈಲು ನಂಬಬೇಡಿ, ಬದಲಿಗೆ ಬಸ್ ಇರುತ್ತದೆ. ದೊಡ್ಡ ಚೌಕದ ಪಕ್ಕದಲ್ಲಿ ಕಟ್ಟೆಯಂಥ ಜಾಗವಿದೆ, ಅಲ್ಲಿ ನಿಂತರೇ ಊರೆಲ್ಲ ಕಾಣುತ್ತದೆ, ಮಂಡಿ ತಡೆಯದಿದ್ದರೆ ಅಷ್ಟೇ ಸಾಕು. ಇಳಿದರೆ ಮತ್ತೆ ಹತ್ತಲೇಬೇಕು. ಮಳೆ ಬಂದ ದಿನ ಇಳಿಯಲೇಬೇಡಿ, ಕಲ್ಲು ಜಾರುತ್ತದೆ. ಸಾಧ್ಯವಾದರೆ ಮಗಳನ್ನು ಕರೆದುಕೊಂಡು ಒಂದು ರಾತ್ರಿ ಉಳಿಯಿರಿ, ಸಂಜೆ ದೀಪ ಹಚ್ಚಿದ ಮೇಲೆ ಅದು ಬೇರೆಯೇ ಊರು.

ತೀರ್ಥಹಳ್ಳಿ ತೋಟ

ಟೀಚರಮ್ಮ, ತಮ್ಮನ ಮನೆಗೆ ಹೋಗಿದ್ದಾಗ ನಾನೂ ಒಂದು ತಿಂಗಳು ಆ ಕಡೆ ಇದ್ದೆ. ನಾನು ಅಡಿಕೆ ಬೆಳೆಗಾರ, ನೋಡಿದ್ದೆಲ್ಲ ಬೆಳೆಗಾರನ ಕಣ್ಣಿನಿಂದಲೇ. ಬಾರಿಯಿಂದ ದಕ್ಷಿಣಕ್ಕೆ ಲೆಚ್ಚೆ ಎನ್ನುವ ಊರಿಗೆ ಹೋಗುವ ರೈಲಿನಲ್ಲಿ ಒಮ್ಮೆ ಹೋಗಿ, ಕಿಟಕಿ ಪಕ್ಕ ಕೂತುಕೊಳ್ಳಿ. ಮೊನೊಪೊಲಿಯಿಂದ ಒಸ್ತೂನಿ ತನಕ ಆಲಿವ್ ಮರಗಳು, ಒಂದೊಂದರ ಬೊಡ್ಡೆ ನಾಲ್ಕು ಜನ ತಬ್ಬುವಷ್ಟು ದಪ್ಪ, ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿವೆ. ನೀವು ಹೋಗುವುದು ಸರಿಯಾಗಿ ಕೊಯ್ಲಿನ ಕಾಲ. ನಮ್ಮಲ್ಲಿ ಅಡಿಕೆ ಕೊಯ್ಯುವಾಗ ಅಲ್ಲಿ ಮರದ ಬುಡಕ್ಕೆ ಬಲೆ ಹಾಸಿ ಕಾಯಿ ಉದುರಿಸುತ್ತಾರೆ.

ಬ್ರಿಂಡಿಸಿ ದಾಟಿ ಮುಂದೆ ಹೋದರೆ ನೋಡಲು ಆಗಲ್ಲ. ಕ್ಸೈಲೆಲ್ಲಾ ಅನ್ನುವ ಬ್ಯಾಕ್ಟೀರಿಯಾ 2013ರಲ್ಲಿ ಲೆಚ್ಚೆಯಿಂದಾಚೆ ಗಲ್ಲಿಪೊಲಿ ಎನ್ನುವ ಊರಿನ ಹತ್ತಿರ ಕಾಣಿಸಿತು. ನೊರೆ ಬಿಡುವ ಒಂದು ಸಣ್ಣ ಕೀಟ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ನೀರು ಏರುವ ನಾಳ ಕಟ್ಟಿಕೊಂಡು ಮರ ತುದಿಯಿಂದ ಒಣಗುತ್ತಾ ಬರುತ್ತದೆ. ಲಕ್ಷಗಟ್ಟಲೆ ಮರ ಸತ್ತಿವೆ. ಮದ್ದಿಲ್ಲ. ರೋಗ ತಡೆಯುವ ಬೇರೆ ತಳಿ ನೆಡುತ್ತಿದ್ದಾರೆ. ನಮ್ಮ ಅಡಿಕೆಯ ಕೊಳೆರೋಗಕ್ಕಾದರೆ ಬೋರ್ಡೋ ದ್ರಾವಣ ಹೊಡೆದು ಹೇಗೋ ಉಳಿಸಿಕೊಳ್ಳುತ್ತೇವೆ, ಎಲೆಚುಕ್ಕಿ ಬಂದ ಮೇಲೆ ನಮಗೂ ನಿದ್ದೆ ಇಲ್ಲ ಅಲ್ವಾ. ಅಜ್ಜನ ಅಜ್ಜ ನೆಟ್ಟ ಮರ ಸೌದೆಯಾಗುವುದನ್ನು ನೋಡಿದ ಒಬ್ಬ ರೈತನ ಜೊತೆ ತಮ್ಮ ಮಾತಾಡಿಸಿದ. ಏನು ಹೇಳಬೇಕೆಂದು ಗೊತ್ತಾಗದೆ ಅವನ ಕೈ ಹಿಡಿದುಕೊಂಡೆ.

ಲೆಚ್ಚೆ ಊರು ಮಾತ್ರ ನೀವು ನೋಡಲೇಬೇಕು. ಅಲ್ಲಿಯ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಆಮೇಲೆ ಗಾಳಿಗೆ ಗಟ್ಟಿಯಾಗುತ್ತದೆ. ನಮ್ಮ ಬಳಪದ ಕಲ್ಲಿನ ಹಾಗೇ. ಬಳ್ಳಿಗಾವಿ ಕೇದಾರೇಶ್ವರದಲ್ಲಿ ಅಷ್ಟು ಸಣ್ಣ ಕೆತ್ತನೆ ಯಾಕೆ ಸಾಧ್ಯವಾಯಿತು ಅಂತ ನಿಮಗೆ ಗೊತ್ತಿರುತ್ತದೆ, ಸಾಂತಾ ಕ್ರೋಚೆ ಚರ್ಚಿನ ಮುಂದೆ ನಿಂತಾಗ ಅದೇ ನೆನಪಾಗುತ್ತದೆ.

ಭದ್ರಾವತಿ ಎಕ್ಸ್‌ಪ್ರೆಸ್

ಆಂಟಿ, ಮ್ಯಾಪ್‌ನಲ್ಲಿ ಹತ್ತಿರ ಕಾಣುತ್ತದೆ ಅಂದಿರಲ್ಲ, ನಾನು ಹಾಗೇ ಬಾರಿಯಿಂದ ಒಂದೇ ದಿನದಲ್ಲಿ ಪೊಂಪೇ ನೋಡಿ ಬರಲು ಹೊರಟೆ. ನೇಪಲ್ಸ್ ತಲುಪಲೇ ಅರ್ಧ ದಿನ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಆ ದೊಡ್ಡ ಊರನ್ನು ಒಂದೂವರೆ ತಾಸಿನಲ್ಲಿ ಓಡಿ ನೋಡಿದೆ, ನೋಡಿದೆ ಅನ್ನುವ ಹಾಗೂ ಇಲ್ಲ. ಅಲ್ಲಿಗೆ ಎರಡು ರಾತ್ರಿ ಇಟ್ಟುಕೊಳ್ಳಿ.

ಆಲ್ಬೆರೊಬೆಲ್ಲೊದಲ್ಲಿ ಟೋಪಿಯಂಥ ಕಲ್ಲಿನ ಮಾಡಿರುವ ಮನೆಗಳಿಗೆ ಗಾರೆ ಇಲ್ಲ, ಬರೀ ಕಲ್ಲು ಪೇರಿಸಿದ್ದು. ತೆರಿಗೆಯವರು ಬಂದಾಗ ಕೆಡವಿ ಮನೆಯೇ ಇಲ್ಲ ಅನ್ನಲು ಹಾಗೆ ಕಟ್ಟುತ್ತಿದ್ದರು ಅಂತ ಅಲ್ಲಿಯವರು ಹೇಳುತ್ತಾರೆ. ಅಂಗಡಿ ತುಂಬಿದ ಕಡೆ ಬೇಡ, ಆಯಾ ಪಿಕ್ಕೊಲಾ ಅನ್ನುವ ಭಾಗಕ್ಕೆ ಹೋಗಿ, ಅಲ್ಲಿ ಜನ ವಾಸವಿದ್ದಾರೆ. ಆ ದಾರಿಯಲ್ಲೇ ಕಾಸ್ತೆಲ್ಲಾನಾ ಗುಹೆಗಳಿವೆ, ಆದರೆ ಮೆಟ್ಟಿಲು ಜಾಸ್ತಿ, ನಿಮಗೆ ಬೇಡ. ಎಂಟು ಮೂಲೆಯ ಕಾಸ್ತೆಲ್ ದೆಲ್ ಮೊಂತೆ ಕೋಟೆಗೆ ಬಸ್ಸು ನಂಬಿಕೊಂಡರೆ ಕಷ್ಟ, ಶನಿವಾರ ಮಗಳ ಜೊತೆ ಕಾರಿನಲ್ಲಿ ಹೋಗಿ. ಇಟಲಿಯ ಒಂದು ಸೆಂಟ್ ನಾಣ್ಯದ ಮೇಲೆ ಅದೇ ಕೋಟೆ ಇದೆ.

ವಿನೋಬನಗರದ ಟೀಚರ್

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೊದಲ ವಾರ ಹಳೇ ಬಾರಿ, ಆಮೇಲೆ ಮೊನೊಪೊಲಿ, ಅಕ್ಟೋಬರ್‌ನಲ್ಲಿ ಮಳೆ ಹಿಡಿಯುವ ಮೊದಲೇ ಮತೇರಾ. ಸಾಗರದ ತಂಗಿ, ನಿನ್ನ ಅಜ್ಜಿಯ ಮಾತು ಓದಿ ಮನಸ್ಸು ಭಾರವಾಯಿತು. ನನ್ನ ಕ್ಲಾಸಿನಲ್ಲೂ ಮುಳುಗಡೆ ಮನೆಗಳ ಮಕ್ಕಳಿದ್ದರು, ಆ ಪಾಠ ಮಾಡುವಾಗ ಅವರನ್ನು ಒಂದು ಮಾತೂ ಕೇಳಲಿಲ್ಲವಲ್ಲ ಅಂತ ಈಗ ಅನ್ನಿಸುತ್ತಿದೆ. ಆ ಕಲ್ಲಿನ ಮೇಲೆ ನಾನೂ ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಹೊಸನಗರದ ಹುಡುಗ, ಇನ್ನೊಂದು ಪ್ರಶ್ನೆ. ಮಗಳಿಗೆ ಮಿಡಿ ಉಪ್ಪಿನಕಾಯಿ, ಮನೆ ತುಪ್ಪ ಒಯ್ಯಬಹುದಾ?

ಹೊಸನಗರದ ಮಳೆ

ತುಪ್ಪ ಬೇಡ ಮೇಡಂ, ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನಿಂದ ತರಲು ಯುರೋಪಿನಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿಯನ್ನು ಎರಡು ಕವರ್ ಸುತ್ತಿ ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ, ಕೈಚೀಲದಲ್ಲಿ ಬೇಡ. ಅಲ್ಲಿ ‘ಫಾವೆ ಎ ಚಿಕೋರಿಯಾ’ ಅಂತ ಅವರೆ ಥರದ ಬೇಳೆಯನ್ನು ನುಣ್ಣಗೆ ಅರೆದು ಕಹಿ ಸೊಪ್ಪಿನ ಜೊತೆ ಕೊಡುತ್ತಾರೆ, ಅದರ ಜೊತೆ ಮಿಡಿ ಒಂದು ಸಲ ತಿಂದು ನೋಡಿ.