ಡಾರ್ಕರ್ ದ್ಯಾನ್ ಬ್ಲ್ಯಾಕ್: ಎರಡು ಎಪಿಸೋಡ್ ನೋಡಿ ತಲೆಬುಡ ಗೊತ್ತಾಗಿಲ್ಲ, ಮುಂದುವರಿಸಲಾ?

ಹೊಸ ನೋಡುಗ: ಎಲ್ಲರಿಗೂ ನಮಸ್ಕಾರ. ಸ್ನೇಹಿತ ಹೇಳಿದ ಅಂತ ಈ ಅನಿಮೆ ಶುರು ಮಾಡಿದೆ. ಟೋಕಿಯೊ ನಡುವೆ ದೊಡ್ಡ ಗೋಡೆ, ಸುಳ್ಳು ನಕ್ಷತ್ರಗಳು, ಕಾಂಟ್ರ್ಯಾಕ್ಟರ್‌ಗಳು, ಡಾಲ್‌ಗಳು, ಮಾತಾಡುವ ಬೆಕ್ಕು. ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲ. ಮುಂದೆ ನೋಡಲಾ? ಯಾವ ಕ್ರಮದಲ್ಲಿ? ತಂಗಿಗೆ 13 ವರ್ಷ, ಅವಳೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಪರವಾಗಿಲ್ವಾ?

ರಾತ್ರಿ ಪಾಳಿ: ಖಂಡಿತ ನೋಡಿ. ನಾನೂ ಮೊದಲ ಸಲ ಎರಡನೇ ಎಪಿಸೋಡಿಗೇ ಬಿಟ್ಟಿದ್ದೆ. ವರ್ಷ ಕಳೆದ ಮೇಲೆ ಒಂದು ದಿನ ಪಾಳಿ ಮುಗಿಸಿ ಬಂದು ನಿದ್ದೆ ಬಾರದೆ ಮತ್ತೆ ಹಾಕಿದೆ. ಆವತ್ತು ಬೆಳಗಾಗುವವರೆಗೂ ಏಳಲಿಲ್ಲ.

ಕಾಂಟ್ರ್ಯಾಕ್ಟರ್ ಅಂದರೆ ಅತಿಮಾನುಷ ಶಕ್ತಿ ಬಂದವರು. ಮೊದಲ ಸಲ ನಾನು ಅವರ ಶಕ್ತಿಗಳನ್ನು ನೋಡುತ್ತಾ ಕೂತಿದ್ದೆ. ಈ ಕಥೆಯಲ್ಲಿ ನೋಡಬೇಕಾದ್ದು ಅದಕ್ಕೆ ಅವರು ತೆರುವ ಬೆಲೆ. ಕಾಂಟ್ರ್ಯಾಕ್ಟರ್ ಒಬ್ಬ ಶಕ್ತಿ ಬಳಸಿದ ಮೇಲೆ ಏನಾದರೂ ಒಂದನ್ನು ಮಾಡಲೇಬೇಕು. ಒಬ್ಬ ತನ್ನ ಬೆರಳನ್ನು ತಾನೇ ಮುರಿದುಕೊಳ್ಳುತ್ತಾನೆ. ನವೆಂಬರ್ 11 ಎಂಬ ಬ್ರಿಟಿಷ್ ಗೂಢಚಾರನಿಗೆ ನೀರನ್ನು ಮಂಜುಗಡ್ಡೆ ಮಾಡುವ ಶಕ್ತಿ ಇದೆ. ಅವನಿಗೆ ಸಿಗರೇಟು ಕಂಡರೆ ಆಗುವುದಿಲ್ಲ, ಆದರೂ ಪ್ರತಿ ಸಲ ಒಂದು ಸೇದಲೇಬೇಕು. ಎಷ್ಟು ಅಚ್ಚುಕಟ್ಟಾಗಿ ಸೂಟು ಹಾಕಿಕೊಂಡಿರುವ ಮನುಷ್ಯ, ಆ ಸಿಗರೇಟು ಹಚ್ಚುವಾಗ ಮಾತ್ರ ಅವನ ಮೇಲೆ ಕನಿಕರ ಹುಟ್ಟುತ್ತದೆ.

5, 6ನೇ ಎಪಿಸೋಡ್‌ವರೆಗಾದರೂ ತಾಳ್ಮೆಯಿಂದ ನೋಡಿ. ಅಲ್ಲಿ ಹ್ಯಾವಕ್ ಅಂತ ಒಬ್ಬ ಹೆಂಗಸು ಬರುತ್ತಾಳೆ. ಹಿಂದೆ ಅವಳು ಭಯಂಕರ ಕಾಂಟ್ರ್ಯಾಕ್ಟರ್. ಅವಳು ತೆರುತ್ತಿದ್ದ ಬೆಲೆ ಮಕ್ಕಳ ರಕ್ತ ಕುಡಿಯುವುದು. ಈಗ ಶಕ್ತಿ ಹೋಗಿದೆ, ಮನಸ್ಸು ವಾಪಸ್ ಬಂದಿದೆ. ಮಾಡಿದ್ದೆಲ್ಲ ನೆನಪಿದೆ. ಎಂಥ ಶಿಕ್ಷೆ ನೋಡಿ! ಕಾಂಟ್ರ್ಯಾಕ್ಟರ್‌ಗಳಿಗೆ ಭಾವನೆ ಇಲ್ಲ, ಬರೀ ಲೆಕ್ಕಾಚಾರ ಅಂತ ಎಲ್ಲರೂ ಹೇಳುತ್ತಲೇ ಇರುತ್ತಾರೆ. ಆ ಮಾತು ಎಷ್ಟು ನಿಜ ಅಂತ ನೀವೇ ನೋಡುತ್ತಾ ಹೋಗಿ.

ಇನ್ನು ನಕ್ಷತ್ರದ ಲೆಕ್ಕ. ಒಬ್ಬೊಬ್ಬ ಕಾಂಟ್ರ್ಯಾಕ್ಟರ್‌ಗೆ ಒಂದೊಂದು ನಕ್ಷತ್ರ. ಶಕ್ತಿ ಬಳಸಿದಾಗ ಅದು ಮಿನುಗುತ್ತದೆ, ಸತ್ತರೆ ಬೀಳುತ್ತದೆ. ನಾಯಕ ಹೇಯ್‌ನದು ಬಿಕೆ-201. ಪೊಲೀಸ್ ಅಧಿಕಾರಿ ಮಿಸಾಕಿ ಕಿರಿಹಾರ ಹುಡುಕುತ್ತಿರುವುದು ಆ ನಂಬರಿನ ಮನುಷ್ಯನನ್ನೇ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ನೀಲಿ ಕೊಡೆ: ಮೇಲೆ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಒಂದೊಂದು ಕಥೆ ಎರಡೆರಡು ಎಪಿಸೋಡ್. ಹಾಗಾಗಿ ಒಂದೇ ನೋಡಿ ಮಲಗಬೇಡಿ, ಜೋಡಿಯಾಗಿ ನೋಡಿ. ನಾನು ಊಟ ಮಾಡುತ್ತಾ ಒಂದೊಂದೇ ನೋಡುತ್ತಿದ್ದೆ, ಮರುದಿನದ ಹೊತ್ತಿಗೆ ಅರ್ಧ ಮರೆತಿರುತ್ತಿತ್ತು.

13, 14 ನನಗೆ ತುಂಬಾ ಇಷ್ಟ. ಅದು ಯಿನ್ ಕಥೆ. ಅವಳೊಬ್ಬ ಡಾಲ್, ಕಣ್ಣು ಕಾಣುವುದಿಲ್ಲ, ನೀರಿನ ಮೂಲಕ ದೂರದ್ದನ್ನು ನೋಡುತ್ತಾಳೆ. ಡಾಲ್‌ಗಳಿಗೆ ಸ್ವಂತ ಇಚ್ಛೆ ಇಲ್ಲ ಅಂತಾರೆ. ಆ ಹುಡುಗಿ ಬೆರಳಿನಿಂದ ತುಟಿಯ ಅಂಚನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತಾಳೆ, ನಗು ಮಾಡಿಕೊಳ್ಳುವುದಕ್ಕೆ. ಅಷ್ಟೇ. ಮಾತಿಲ್ಲ. ನಾನು ಅಲ್ಲೇ ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ.

ಹೆಡ್‌ಫೋನ್ ಹಾಕಿಕೊಂಡು ನೋಡಿ. ಮೊದಲ ಸೀಸನ್ನಿಗೆ ಸಂಗೀತ ಯೊಕೊ ಕಾನ್ನೊ ಅವರದು. ಮಳೆ, ರಾತ್ರಿ, ಖಾಲಿ ಓಣಿ, ಹಿಂದೆ ಆ ಸಂಗೀತ. ಫೋನ್ ಸ್ಪೀಕರ್‌ನಲ್ಲಿ ಅದು ಸಿಗುವುದಿಲ್ಲ.

ಹಾಸನದ ಹುಡುಗ: ಕ್ರಮ ಹೀಗಿಟ್ಟುಕೊಳ್ಳಿ. 2007ರ ಮೊದಲ ಸೀಸನ್, 25 ಎಪಿಸೋಡ್. ಆಮೇಲೆ ಒಂದು ಹೆಚ್ಚುವರಿ ಎಪಿಸೋಡ್ ಇದೆ, ಹಗುರವಾದದ್ದು. ನಂತರ 2010ರ ನಾಲ್ಕು ಎಪಿಸೋಡ್‌ಗಳ ಗೈಡೆನ್, ಅಂದರೆ ಉಪಕಥೆ, ಕೊನೆಗೆ 2009ರ ಎರಡನೇ ಸೀಸನ್, 12 ಎಪಿಸೋಡ್. ಗೈಡೆನ್ ಆಮೇಲೆ ಬಂದಿದ್ದರೂ ಅದರ ಕಥೆ ಎರಡು ಸೀಸನ್‌ಗಳ ನಡುವಿನದು. ನಾನು ಅದನ್ನು ಬಿಟ್ಟು ನೇರವಾಗಿ ಎರಡನೇ ಸೀಸನ್ನಿಗೆ ಹಾರಿದೆ. ಗಡ್ಡ ಬಿಟ್ಟು ಕುಡಿಯುತ್ತಾ ಕೂತ ಹೇಯ್‌ನನ್ನು ನೋಡಿ ಸಿಟ್ಟೇ ಬಂತು. ಕಾರಣ ಗೊತ್ತಿದ್ದರೆ ಆ ಸಿಟ್ಟು ಬರುತ್ತಿರಲಿಲ್ಲ.

ರಾತ್ರಿ ಪಾಳಿ: ಇಲ್ಲಿ ನಾನು ಒಪ್ಪಲ್ಲ ತಮ್ಮಾ. ಅವನಿಗೆ ಏನಾಯಿತು ಅಂತ ಗೊತ್ತಿಲ್ಲದೆ ನೋಡುವಾಗಲೇ ಮನಸ್ಸು ಕೊರೆಯುತ್ತದೆ. ಬಂದ ಕ್ರಮದಲ್ಲೇ ನೋಡಲಿ, ಗೈಡೆನ್ ಕೊನೆಗಿರಲಿ. ಹೇಗೂ ಮೊದಲ ಸೀಸನ್ ಮುಗಿಯುವವರೆಗೆ ಇದರ ಚಿಂತೆ ಬೇಡ.

ನೀಲಿ ಕೊಡೆ: ತಂಗಿಯ ವಿಷಯ ಯಾರೂ ಹೇಳಲಿಲ್ಲ. ಈಗಲೇ ಬೇಡ ಅಂತ ನನ್ನ ಸಲಹೆ. ರಕ್ತ, ಕೊಲೆ ಜಾಸ್ತಿ, ಕೆಲವು ಕಡೆ ಬೆತ್ತಲೆ ದೃಶ್ಯಗಳೂ ಇವೆ. ಹ್ಯಾವಕ್ ಕಥೆಯಂತೂ ದೊಡ್ಡವರಿಗೇ ಭಾರ. ಎರಡನೇ ಸೀಸನ್ನಿನ ನಾಯಕಿ ಸುಓ ನಿಮ್ಮ ತಂಗಿಯದೇ ವಯಸ್ಸಿನ ರಷ್ಯಾದ ಹುಡುಗಿ, ನಿಜ. ಆದರೆ ಆ ಹುಡುಗಿ ಅನುಭವಿಸುವುದು ಅವಳ ವಯಸ್ಸಿನದ್ದಲ್ಲ. ನೀವು ಒಬ್ಬರೇ ಒಂದು ಸಲ ನೋಡಿ ಮುಗಿಸಿ. ಮೊದಲ ಸೀಸನ್ನಿನ 7, 8ರಲ್ಲಿ ಪತ್ತೇದಾರ ಗೈ ಕುರಸಾವಾ ಬರುತ್ತಾನೆ, ಅದನ್ನು ಬೇಕಾದರೆ ತಂಗಿಯ ಜೊತೆಗೆ ನೋಡಬಹುದು. ಅಲ್ಲಿ ನಗು ಇದೆ.

ಹೊಸ ನೋಡುಗ: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ತಂಗಿ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು 6ರವರೆಗೆ ನೋಡಿದೆ. ಹ್ಯಾವಕ್ ಮುಖ ಕಣ್ಣಿಂದ ಹೋಗ್ತಿಲ್ಲ. ಇವತ್ತು 7, 8.