ಇಂಡೆಕ್ಸ್‌ಗಳೆಲ್ಲ ಸರಿ ಇದ್ದರೂ ಆರ್ಡರ್ (ಅಂಶಗಳ ಸಂಖ್ಯೆ) 168ರ ಗ್ರೂಪ್ ಸಾಲ್ವಬಲ್ ಅಲ್ಲ ಅಂತ ಬರ್ತಿದೆ, ಯಾಕೆ?

ಗ್ರೂಪ್_ಹುಚ್ಚ:
ಎಲ್ಲರಿಗೂ ನಮಸ್ಕಾರ. ಫೈನೈಟ್ ಸಾಲ್ವಬಲ್ ಗ್ರೂಪ್‌ನಲ್ಲಿ (ಅಬೀಲಿಯನ್ ತುಂಡುಗಳಿಂದ ಹಂತಹಂತವಾಗಿ ಕಟ್ಟಬಹುದಾದದ್ದು) ಪ್ರತಿ ಮ್ಯಾಕ್ಸಿಮಲ್ ಸಬ್‌ಗ್ರೂಪ್‌ನ (ಇಡೀ ಗ್ರೂಪ್ ಬಿಟ್ಟರೆ ಅದಕ್ಕಿಂತ ದೊಡ್ಡದು ಯಾವುದರಲ್ಲೂ ಸೇರದ್ದು) ಇಂಡೆಕ್ಸ್, ಅಂದರೆ ಗ್ರೂಪ್‌ನ ಆರ್ಡರನ್ನು ಅದರ ಆರ್ಡರ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ, ಒಂದು ಅವಿಭಾಜ್ಯದ ಘಾತ ಆಗಿರುತ್ತದೆ, ಅಲ್ವಾ? ಅದನ್ನು ನಂಬಿ ಗ್ಯಾಪ್‌ನಲ್ಲಿ (ಗ್ರೂಪ್‌ಗಳ ಲೆಕ್ಕ ಮಾಡುವ ಸಾಫ್ಟ್‌ವೇರ್) ಒಂದು ಚಿಕ್ಕ ಫಂಕ್ಷನ್ ಬರೆದೆ. ಇಂಡೆಕ್ಸ್‌ಗಳೆಲ್ಲ ಅಂಥವೇ ಆದರೆ ‘ಸಾಲ್ವಬಲ್’ ಅನ್ನುತ್ತದೆ. ಆರ್ಡರ್ 60, 120ರಲ್ಲಿ ಉತ್ತರ ಸರಿ ಬಂತು. ಆರ್ಡರ್ 60ರ ಎ5ಕ್ಕೆ 5, 6, 10 ಸಿಗುತ್ತವೆ. 6 ಕಂಡ ಕೂಡಲೇ ‘ಅಲ್ಲ’ ಅಂದಿತು. ಆದರೆ ಆರ್ಡರ್ 168ರ ಪಿಎಸ್‌ಎಲ್(2,7)ಕ್ಕೆ ಬರೋದು 7, 7, 8 ಮಾತ್ರ. ನನ್ನ ಫಂಕ್ಷನ್ ‘ಹೌದು’ ಅನ್ನುತ್ತದೆ, ಗ್ಯಾಪ್ ‘ಅಲ್ಲ’ ಅನ್ನುತ್ತದೆ. ಮ್ಯಾಕ್ಸಿಮಲ್ ಪಟ್ಟಿಯಲ್ಲಿ ಏನಾದರೂ ಬಿಟ್ಟುಹೋಗಿದೆಯಾ?

ಫಾನೋ_7:
ಪಟ್ಟಿ ಪೂರ್ತಿ ಇದೆ. ಈ ಗ್ರೂಪ್ ಜಿಎಲ್(3,2) ಕೂಡ ಹೌದು. ಫಾನೋ ಸಮತಲದ 7 ಬಿಂದುಗಳಲ್ಲಿ ಒಂದನ್ನು ಕದಲದಂತೆ ಹಿಡಿದರೆ ಒಂದು ಎಸ್4 (ಆರ್ಡರ್ 24ರ ಗ್ರೂಪ್), 7 ರೇಖೆಗಳಲ್ಲಿ ಒಂದನ್ನು ಹಿಡಿದರೆ ಇನ್ನೊಂದು ಬಗೆಯ ಎಸ್4. ಎರಡಕ್ಕೂ ಇಂಡೆಕ್ಸ್ 7. ಉಳಿದದ್ದು ಆರ್ಡರ್ 21ರದು, ಇಂಡೆಕ್ಸ್ 8. ಅಷ್ಟೇ.

ತೊಂದರೆ ಇರೋದು ನಿಮ್ಮ ಫಂಕ್ಷನ್‌ನ ತರ್ಕದಲ್ಲಿ. ಸಾಲ್ವಬಲ್ ಆದರೆ ಇಂಡೆಕ್ಸ್ ಹಾಗಿರುತ್ತದೆ, ಯಾಕಂದ್ರೆ ಮ್ಯಾಕ್ಸಿಮಲ್ ಸಬ್‌ಗ್ರೂಪ್ ಎಮ್‌ನ ಕೋರ್‌ನಿಂದ (ಎಮ್ ಒಳಗಿನ ಅತಿ ದೊಡ್ಡ ನಾರ್ಮಲ್ ಸಬ್‌ಗ್ರೂಪ್) ಭಾಗಿಸಿದ ಮೇಲೆ ಸಿಗುವ ಮಿನಿಮಲ್ ನಾರ್ಮಲ್ ಸಬ್‌ಗ್ರೂಪ್ ಎಲಿಮೆಂಟರಿ ಅಬೀಲಿಯನ್ (ಹಾಗಾಗಿ ಆರ್ಡರ್ ಅವಿಭಾಜ್ಯದ ಘಾತ) ಆಗಿದ್ದು, ಅದರ ಆರ್ಡರೇ ಇಂಡೆಕ್ಸ್. ಇದು ಹಿಂದಕ್ಕೆ ಓಡೋದಿಲ್ಲ.

ಗ್ರೂಪ್_ಹುಚ್ಚ:
ಓ, ಸರಿ. ಹಾಲ್ ಅವರ ಪ್ರಮೇಯ ಹಾಕಿದರೆ? ಇಂಡೆಕ್ಸ್ ಅವಿಭಾಜ್ಯ ಅಥವಾ ಅದರ ವರ್ಗ ಆದರೆ ಸಾಲ್ವಬಲ್ ಅಂತ ಇದೆಯಲ್ಲ. ಆಗ 8 ಬಿದ್ದುಹೋಗುತ್ತದೆ.

ಫಾನೋ_7:
ಬೀಳುತ್ತದೆ, ಜೊತೆಗೆ ಒಳ್ಳೆಯವೂ ಬೀಳುತ್ತವೆ. 8 ಅಂಶಗಳ ಫೀಲ್ಡ್ ಮೇಲಿನ ಎಜಿಎಲ್(1,8) ತಗೊಳ್ಳಿ. ಆರ್ಡರ್ 56, ಸಾಲ್ವಬಲ್. ಅದರ ಇಂಡೆಕ್ಸ್‌ಗಳೂ 7 ಮತ್ತು 8! ಅಂದರೆ ಯಾವ್ಯಾವ ಇಂಡೆಕ್ಸ್ ಇವೆ ಅಂತ ಮಾತ್ರ ನೋಡಿ ಇವೆರಡನ್ನು ಬೇರೆ ಮಾಡೋಕೆ ದಾರಿಯೇ ಇಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ರ್ಯಾಡಿಕಲ್ ಕಡೆ ಬನ್ನಿ. ಅತಿ ದೊಡ್ಡ ಸಾಲ್ವಬಲ್ ನಾರ್ಮಲ್ ಸಬ್‌ಗ್ರೂಪ್ ಇದೆಯಲ್ಲ, ಅದರಿಂದ ಗ್ರೂಪನ್ನು ಭಾಗಿಸಿ. ಗುರಾಲ್ನಿಕ್ ಅವರ 1983ರ ಕೆಲಸದಿಂದ ಬರೋದು ಇದು: ಇಂಡೆಕ್ಸ್‌ಗಳೆಲ್ಲ ಅವಿಭಾಜ್ಯದ ಘಾತವಾದರೆ ಭಾಗಲಬ್ಧ ಒಂದೋ 1, ಇಲ್ಲವೇ ಪಿಎಸ್‌ಎಲ್(2,7). ಬೇರೆ ಏನೂ ಸಾಧ್ಯವಿಲ್ಲ. ಹಾಗಾಗಿ ನಿಮ್ಮ ಪರೀಕ್ಷೆ ದಾಟಿದ ಗ್ರೂಪ್‌ನ ಆರ್ಡರ್ 168ರಿಂದ ಭಾಗವಾಗದಿದ್ದರೆ ಅದು ಸಾಲ್ವಬಲ್ಲೇ. ಭಾಗವಾದರೆ ಮಾತ್ರ ಡೆರೈವ್ಡ್ ಸೀರೀಸ್ (ಕಮ್ಯುಟೇಟರ್ ಸಬ್‌ಗ್ರೂಪ್‌ಗಳ ಸರಣಿ) 1ಕ್ಕೆ ಮುಟ್ಟುತ್ತದಾ ನೋಡಿ. (ನಿಜ ಹೇಳಬೇಕಂದ್ರೆ ಮೊದಲೇ ಅದನ್ನು ನೋಡಿದ್ರೆ ಕೆಲಸ ಕಮ್ಮಿ.)

ಗ್ರೂಪ್_ಹುಚ್ಚ:
ಆ ಸಾಲು ಸೇರಿಸಿದೆ, ಸರಿಯಾಯ್ತು. 336ರಲ್ಲಿ ಸಾಲ್ವಬಲ್ ಅಲ್ಲದವು ಮೂರಿವೆ. ಎಸ್‌ಎಲ್(2,7), ಮತ್ತೆ ಆರ್ಡರ್ 2ರ ಸಿ2 ಜೊತೆಗಿನ ಪಿಎಸ್‌ಎಲ್(2,7)ರ ಡೈರೆಕ್ಟ್ ಪ್ರಾಡಕ್ಟ್ ಹಳೆಯ ಫಂಕ್ಷನ್‌ನಲ್ಲಿ ದಾಟಿದ್ದವು. ಪಿಜಿಎಲ್(2,7) ಯಾಕೆ ದಾಟಿರಲಿಲ್ಲ?

ಫಾನೋ_7:
ಮೊದಲಿನ ಎರಡರಲ್ಲಿ ರ್ಯಾಡಿಕಲ್‌ನ ಆರ್ಡರ್ 2, ಅದನ್ನು ತೆಗೆದರೆ ಉಳಿಯೋದು ಪಿಎಸ್‌ಎಲ್(2,7). ಪಿಜಿಎಲ್‌ನಲ್ಲಿ ರ್ಯಾಡಿಕಲ್ 1. ಅಲ್ಲಿ ಆರ್ಡರ್ 16 ಮತ್ತು 12ರ ಡೈಹೆಡ್ರಲ್ ಗ್ರೂಪ್‌ಗಳೇ ಮ್ಯಾಕ್ಸಿಮಲ್ ಆಗುತ್ತವೆ. ಇಂಡೆಕ್ಸ್ 21 ಮತ್ತು 28.