ಡ್ರೈವರ್ ಅಪ್‌ಡೇಟ್ ಆದ ಮೇಲೆ ಸ್ಕ್ರೀನ್ ಕಪ್ಪಾಗುತ್ತಿದೆ, ಹಳೆಯದಕ್ಕೆ ವಾಪಸ್ ಹೋಗೋದು ಹೇಗೆ?

ಗೋಣಿಕೊಪ್ಪದಿಂದ:
ಮದುವೆ ವಿಡಿಯೋ ಎಡಿಟ್ ಮಾಡುವ ಡೆಸ್ಕ್‌ಟಾಪ್, ಸ್ವಲ್ಪ ಹಳೇ ಗ್ರಾಫಿಕ್ಸ್ ಕಾರ್ಡ್. ಮೊನ್ನೆ ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ಅಪ್‌ಡೇಟ್ ಮಾಡಿದೆ. ಈಗ ಎಕ್ಸ್‌ಪೋರ್ಟ್ ಕೊಟ್ಟರೆ ಸ್ಕ್ರೀನ್ ಕಪ್ಪಾಗಿ ವಾಪಸ್ ಬರುತ್ತದೆ, ಅಷ್ಟರಲ್ಲಿ ಸಾಫ್ಟ್‌ವೇರ್ ಮುಚ್ಚಿಹೋಗಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಬಟನ್ ಮಂಕಾಗಿದೆ, ಒತ್ತಲು ಬರುತ್ತಿಲ್ಲ. ಫಾರ್ಮ್ಯಾಟ್ ಮಾಡಿಸು ಅನ್ನುತ್ತಿದ್ದಾರೆ. ಅನುಭವ ಇರುವವರು ಹೇಳಿ.

ಮಡಿಕೇರಿಯಿಂದ:
ಫಾರ್ಮ್ಯಾಟ್ ಬೇಡ ಅಣ್ಣ. ಮೊದಲು ಈವೆಂಟ್ ವ್ಯೂವರ್ (ಕಂಪ್ಯೂಟರ್‌ನಲ್ಲಿ ಏನೇನಾಯಿತು ಅಂತ ವಿಂಡೋಸ್ ಬರೆದಿಡುವ ದಾಖಲೆ) ತೆಗೆದು ವಿಂಡೋಸ್ ಲಾಗ್ಸ್, ಸಿಸ್ಟಮ್ ನೋಡಿ. ಕಪ್ಪಾದ ಹೊತ್ತಿಗೆ ಡಿಸ್‌ಪ್ಲೇ 4101 ಅಂತ ಇದ್ದರೆ ಕಾರ್ಡ್ ಎರಡು ಸೆಕೆಂಡ್ ಒಳಗೆ ಉತ್ತರ ಕೊಡಲಿಲ್ಲ, ಅದಕ್ಕೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡಿತು ಎಂದರ್ಥ. ಕರ್ನೆಲ್ ಪವರ್ 41 ಇದ್ದರೆ ಕಂಪ್ಯೂಟರೇ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ, ಆಗ ಯುಪಿಎಸ್, ಪವರ್ ಸಪ್ಲೈ ಕಡೆ ನೋಡಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಆಡುವ ಆಟ ಗೊತ್ತಲ್ವಾ, ಸುಮ್ನೆ ಡ್ರೈವರ್ ಮೇಲೆ ತಪ್ಪು ಹೊರಿಸಬೇಡಿ.

ಬಟನ್ ಮಂಕಾಗಿದೆ ಅಂದರೆ ಹಳೇ ಡ್ರೈವರ್ ವಿಂಡೋಸ್ ಹತ್ತಿರ ಉಳಿದಿಲ್ಲ. ಕ್ಲೀನ್ ಇನ್‌ಸ್ಟಾಲ್ ಟಿಕ್ ಮಾಡಿದ್ದರೆ ಹೀಗಾಗುತ್ತದೆ. ಕಾರ್ಡ್ ಕಂಪನಿಯ ಸೈಟಿನಿಂದ ಹಳೇ ಡ್ರೈವರ್, ಜೊತೆಗೆ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಇರುವ ಡ್ರೈವರನ್ನು ಪೂರ್ತಿ ಅಳಿಸುವ ಸಾಫ್ಟ್‌ವೇರ್) ಎರಡನ್ನೂ ಮೊದಲೇ ಇಳಿಸಿಕೊಳ್ಳಿ. ಆಮೇಲೆ ನೆಟ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಶಿಫ್ಟ್ ಒತ್ತಿಕೊಂಡೇ ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಅಲ್ಲಿಂದ ಮತ್ತೆ ರೀಸ್ಟಾರ್ಟ್ ಆದಾಗ 4 ಒತ್ತಿದರೆ ಸೇಫ್ ಮೋಡ್, ಅಂದರೆ ಬೇಕಾದಷ್ಟೇ ಡ್ರೈವರ್‌ಗಳಲ್ಲಿ ವಿಂಡೋಸ್ ತೆರೆಯುತ್ತದೆ. ಅಲ್ಲಿ ಪಿನ್ ಕೆಲವೊಮ್ಮೆ ಕೆಲಸ ಮಾಡುವುದಿಲ್ಲ, ಪಾಸ್‌ವರ್ಡ್ ನೆನಪಿರಲಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ರಿಕವರಿ ಕೀ ಕೂಡ ಬರೆದಿಟ್ಟುಕೊಳ್ಳಿ. ಡಿಡಿಯುನಲ್ಲಿ ಕ್ಲೀನ್ ಅಂಡ್ ರೀಸ್ಟಾರ್ಟ್, ಆಮೇಲೆ ಹಳೆಯದನ್ನು ಹಾಕಿ. ನೆಟ್ ಇದ್ದರೆ ನೀವು ಹಾಕುವ ಮೊದಲೇ ವಿಂಡೋಸ್ ತನಗೆ ಸಿಕ್ಕಿದ ಡ್ರೈವರ್ ತಂದು ಕೂರಿಸಿಬಿಡುತ್ತದೆ, ಮಾಡಿದ ಕೆಲಸ ಎಲ್ಲ ನೀರಲ್ಲಿ ಹೋಮ.

ಸೋಮವಾರಪೇಟೆಯಿಂದ:
ಯಾವ ಕಾರ್ಡ್ ಅಂತ ಹೇಳಿಲ್ಲ. ಎನ್‌ವಿಡಿಯಾ ಜಿಟಿಎಕ್ಸ್ 10 ಸರಣಿ ಆಗಿದ್ದರೆ 2025ರ ಅಕ್ಟೋಬರ್‌ಗೆ ಮಾಮೂಲಿ ಡ್ರೈವರ್ ನಿಂತಿದೆ, ಈಗ ಬರುವುದು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಹಳೇ ಕಾರ್ಡಿನವರು ಜಾಸ್ತಿ ಜನ 2024ರ ಡಿಸೆಂಬರ್‌ನ 566.36 ಡ್ರೈವರ್‌ಗೇ ವಾಪಸ್ ಹೋಗಿದ್ದರು. ಎಡಿಟಿಂಗ್‌ಗೆ ಗೇಮ್ ಆಡುವವರಿಗೆ ಕೊಡುವ ಗೇಮ್ ರೆಡಿ ಡ್ರೈವರ್ ಬದಲು ಎಡಿಟಿಂಗ್ ಥರದ ಕೆಲಸಕ್ಕೆ ಕೊಡುವ ಸ್ಟುಡಿಯೋ ಡ್ರೈವರ್ ಹಾಕಿ. ಬಂದ ದಿನವೇ ಹೊಸದನ್ನು ಹಾಕುವುದು ಯಾಕೆ ಅಂತ ನನಗೆ ಅರ್ಥವೇ ಆಗುವುದಿಲ್ಲ. 2010ರಲ್ಲಿ 196.75 ಅನ್ನೋ ಡ್ರೈವರ್‌ನಿಂದ ಫ್ಯಾನ್ ಸರಿಯಾಗಿ ತಿರುಗದೆ ಕಾರ್ಡ್ ಬಿಸಿಯಾಗುತ್ತಿದೆ ಅಂತ ದೂರು ಬಂದು, ಕಂಪನಿಯೇ ಅದನ್ನು ವಾಪಸ್ ತೆಗೆದಿತ್ತು.

ಭಾಗಮಂಡಲದಿಂದ:
ನಮ್ಮ ಹೋಂಸ್ಟೇ ಕಂಪ್ಯೂಟರ್‌ಗೂ ಇದೇ ರೋಗ. ಹಳೇ ಡ್ರೈವರ್ ಹಾಕಿದರೂ ಹೋಗಲಿಲ್ಲ. ಕಕ್ಕಡ ತಿಂಗಳು (ಜೋರು ಮಳೆಯ ಹೊತ್ತು), ಕೋಣೆ ಮುಚ್ಚಿಯೇ ಇತ್ತು, ಗೋಡೆಯೆಲ್ಲ ಬೂಸ್ಟು. ಕಾರ್ಡ್ ಬಿಚ್ಚಿ ನೋಡಿದರೆ ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ತೆಳ್ಳಗೆ ಮಸುಕು ಕಟ್ಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಕ್ಲಿಪ್ ಟಕ್ ಅನ್ನುವ ತನಕ ಒತ್ತಿ ಕೂರಿಸಿದ ಮೇಲೆ ಸರಿಹೋಯಿತು. ಪವರ್ ವೈರ್ ಕಿತ್ತಿಟ್ಟೇ ಮಾಡಿ.

ಗೋಣಿಕೊಪ್ಪದಿಂದ:
ತುಂಬಾ ಥ್ಯಾಂಕ್ಸ್. 4101 ಸಾಲಾಗಿ ಇದೆ, 41 ಒಂದೂ ಇಲ್ಲ. ಡಿಡಿಯು ಮಾಡಿ ಹಳೆಯದನ್ನು ಹಾಕಿದೆ, ಎಕ್ಸ್‌ಪೋರ್ಟ್ ಪೂರ್ತಿ ಆಯಿತು. ನೆಟ್ ಹಾಕಿದರೆ ವಿಂಡೋಸ್ ಮತ್ತೆ ಹೊಸದನ್ನು ತರುವುದಿಲ್ವಾ?

ಮಡಿಕೇರಿಯಿಂದ:
ತರಬಹುದು. ನೆಟ್ ಹಾಕುವ ಮೊದಲು ಸ್ಟಾರ್ಟ್‌ನಲ್ಲಿ ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್ ಅಂತ ಹುಡುಕಿ, ನೋ ಕೊಟ್ಟು ಸೇವ್ ಮಾಡಿ. ಡಿಡಿಯುನಲ್ಲೂ ಇದಕ್ಕೆ ಒಂದು ಆಪ್ಷನ್ ಇದೆ. ಈಗ ಹಾಕಿದ ಡ್ರೈವರ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಡಿ, ಮಳೆಯಲ್ಲಿ ನೆಟ್ ಹೋದಾಗ ಅಷ್ಟು ದೊಡ್ಡ ಫೈಲ್ ಇಳಿಸಲು ಆಗುವುದಿಲ್ಲ.